ಸೆಂಟ್ರಿಂಗ್ ಬೇಗ ಬಿಚ್ಚಿದ ಕಾಲು

ಆಗಸ್ಟ್‌ನ ಒಂದು ಸಂಜೆ ನನ್ನ ಎಡಗಾಲಿನ ಮೇಲೆ ನಾನೇ ಪೆನ್ಸಿಲ್‌ನಲ್ಲಿ ಗೀಟು ಹಾಕಿಕೊಂಡೆ. ಬಡಗಿಗಳು ಕಿವಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಆ ಚಪ್ಪಟೆ ಪೆನ್ಸಿಲ್. ಮೊಣಕಾಲಿನ ಕೆಳಗಿಂದ ಪಾದದ ಗಂಟಿನವರೆಗೆ, ಕಣಕಾಲಿನ ಮೂಳೆಯ ಒಳ ಅಂಚನ್ನು ಹೆಬ್ಬೆರಳಿನಲ್ಲಿ ಒತ್ತುತ್ತಾ ಬಂದೆ. ನೋವು ಎಲ್ಲಿ ಶುರುವಾಯಿತೋ ಅಲ್ಲೊಂದು ಗೀಟು, ಎಲ್ಲಿ ಮುಗಿಯಿತೋ ಅಲ್ಲೊಂದು ಗೀಟು. ಆಮೇಲೆ ಟೇಪ್ ಹಿಡಿದೆ. 11 ಸೆಂಟಿಮೀಟರ್. ಹೆಂಡತಿ ಅಡುಗೆಮನೆಯಿಂದ ಬಂದವಳು ನೋಡಿ, "ಅಲ್ಲೂ ಒಂದು ಸಜ್ಜಾ ಹಾಕ್ತೀರಾ?" ಅಂತ ಕೇಳಿದಳು.

ಮನೆ ಕಟ್ಟಿಸುವುದು ನನ್ನ ಕೆಲಸ. ಹಾಸನದಲ್ಲೇ ಓದಿ, ಹಾಸನದಲ್ಲೇ ಇಪ್ಪತ್ತು ವರ್ಷದಿಂದ ಸಿಮೆಂಟು, ಜಲ್ಲಿ, ಕಂಬಿ ಅಂತ ಓಡಾಡಿಕೊಂಡಿದ್ದೇನೆ. ಓಡಾಡುವುದು ಅಂದರೆ ಬೈಕಿನಲ್ಲಿ. ನಿಜವಾಗಿ ಓಡಿದ್ದು ಹೈಸ್ಕೂಲಿನಲ್ಲೇ ಕೊನೆ. ಈಗ 42 ವರ್ಷ, 78 ಕೆಜಿ.

ಮತ್ತೆ ಓಡುವ ಹುಚ್ಚು ಹತ್ತಿದ್ದು ಮಗಳಿಂದ. ಒಂಬತ್ತನೇ ಕ್ಲಾಸು, 800 ಮೀಟರ್ ಓಡುತ್ತಾಳೆ. ಜೂನ್‌ನಲ್ಲಿ ಸ್ಕೂಲು ಶುರುವಾದ ಮೇಲೆ ಬೆಳಗ್ಗೆ ಐದೂಮುಕ್ಕಾಲಿಗೆ ಅವಳನ್ನು ಜಿಲ್ಲಾ ಕ್ರೀಡಾಂಗಣಕ್ಕೆ ಬಿಡುವ ಕೆಲಸ ನನ್ನ ಪಾಲಿಗೆ ಬಂತು. ಜೂನ್‌ನ ಹಾಸನ ಗೊತ್ತಲ್ಲ, ಜೋರು ಮಳೆಯೂ ಅಲ್ಲ, ಬಿಸಿಲೂ ಇಲ್ಲ, ಜಿನುಗುತ್ತಲೇ ಇರುತ್ತದೆ. ಮೊದಲ ಹತ್ತು ದಿನ ಸ್ವೆಟರ್ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತು ಫ್ಲಾಸ್ಕ್ ಕಾಫಿ ಕುಡಿದೆ. ಹನ್ನೊಂದನೇ ದಿನ ಚಳಿ ತಡೆಯಲಾರದೆ ಎದ್ದು ನಡೆದೆ. ಅದಾದ ನಾಲ್ಕು ದಿನಕ್ಕೆ, ಯಾರೂ ನೋಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು, ಅರ್ಧ ಸುತ್ತು ಓಡಿದೆ. ಎದೆ ನಗಾರಿ ಬಾರಿಸಿತು. ರಿಟೈರ್ಡ್ ಮೇಷ್ಟ್ರ ಥರ ಕಾಣುವ ಒಬ್ಬರು ಮಂಕಿ ಟೋಪಿ ಹಾಕಿಕೊಂಡು ನಡೆಯುತ್ತಲೇ ನನ್ನನ್ನು ದಾಟಿಕೊಂಡು ಹೋದರು.

ಮಗಳು ನಗಲಿಲ್ಲ. ಅದೇ ಜಾಸ್ತಿ ಬೇಜಾರಾಯಿತು. ಅವತ್ತು ರಾತ್ರಿ ಫೋನಿನಲ್ಲಿ ಕೌಚ್ ಟು ಫೈವ್ ಕೆ ಅಂತ ಒಂದು ಆ್ಯಪ್ ಹಾಕಿಕೊಟ್ಟಳು.

ಈ ಕೌಚ್ ಟು ಫೈವ್ ಕೆ ಹಳೇ ಯೋಜನೆ. 1996ರಲ್ಲಿ ಜಾಶ್ ಕ್ಲಾರ್ಕ್ ಅನ್ನುವವರು ಮಾಡಿದ್ದು. ಸೋಫಾ ಬಿಟ್ಟು ಏಳದವರೂ 9 ವಾರದಲ್ಲಿ 5 ಕಿಲೋಮೀಟರ್ ಓಡಬೇಕು ಅನ್ನುವುದು ಲೆಕ್ಕ. ವಾರಕ್ಕೆ ಮೂರೇ ದಿನ. ಮೊದಲ ವಾರ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೇ ಒಂದಿಪ್ಪತ್ತು ನಿಮಿಷ. ಮೂರನೇ ವಾರಕ್ಕೆ ಒಂದೇ ಸಲಕ್ಕೆ 3 ನಿಮಿಷದ ಓಟ ಬರುತ್ತದೆ. ಏಳನೇ ವಾರಕ್ಕೆ ನಿಲ್ಲದೆ 25 ನಿಮಿಷ.

ನಾನು ಮೂರನೇ ವಾರದಿಂದ ಸೀದಾ ಏಳನೇ ವಾರಕ್ಕೆ ಹಾರಿದೆ.

ಯಾಕೆ ಅಂದರೆ ಉಸಿರು ಬಂದುಬಿಟ್ಟಿತ್ತು. ಮೂರನೇ ವಾರದ ಕೊನೆಗೆ ಒಂದು ದಿನ ಆ್ಯಪ್‌ನ ಹೆಂಗಸು "ಈಗ ನಡೆಯಿರಿ" ಅಂದಳು, ನನಗೆ ನಡೆಯಬೇಕು ಅನ್ನಿಸಲೇ ಇಲ್ಲ. ಹಾಗೇ ಓಡಿದೆ. ಏಳು ಸುತ್ತು. ಎದೆಯಲ್ಲಿ ನಗಾರಿ ಇಲ್ಲ, ಪಕ್ಕೆ ಹಿಡಿಯಲಿಲ್ಲ. ಮಾತಾಡಿಕೊಂಡು ಓಡುವಷ್ಟು ಉಸಿರಿತ್ತು. ಇಪ್ಪತ್ತೈದು ವರ್ಷದ ಮೇಲೆ ದೇಹ ನಾನು ಹೇಳಿದ್ದನ್ನು ಕೇಳಿತ್ತು. ಆ ಖುಷಿಯಲ್ಲಿ ಮಾರನೇ ದಿನವೂ ಓಡಿದೆ, ಅದರ ಮಾರನೇ ದಿನವೂ ಓಡಿದೆ. ವಾರಕ್ಕೆ ಮೂರು ದಿನ ಅನ್ನುವುದು ಸೋಮಾರಿಗಳಿಗೆ ಮಾಡಿದ ನಿಯಮ ಅಂದುಕೊಂಡೆ. ಜುಲೈ ಮಧ್ಯದ ಹೊತ್ತಿಗೆ ಕ್ರೀಡಾಂಗಣ ಸಾಕಾಗಿ, ಮಗಳನ್ನು ಅಲ್ಲಿ ಬಿಟ್ಟು ಸಾಲಗಾಮೆ ರಸ್ತೆಗೆ ಇಳಿದಿದ್ದೆ. 5 ಕಿಲೋಮೀಟರ್ ಓಡಿ ಮ್ಯಾಪ್‌ನ ಫೋಟೋ ಸ್ಟೇಟಸ್‌ಗೆ ಹಾಕಿದ ದಿನ ಸಿಮೆಂಟ್ ಅಂಗಡಿಯವರಿಂದ ಹಿಡಿದು ಭಾವನವರೆಗೆ 64 ಜನ ನೋಡಿದ್ದರು. ಎಣಿಸಿದ್ದೇನೆ.

ನೋವು ಬಂದಿದ್ದು ಅದಾದ ಒಂದು ವಾರಕ್ಕೆ. ಬಹಳ ಮರ್ಯಾದೆಯಿಂದ ಬಂತು. ಓಟ ಶುರು ಮಾಡಿದ ಐದು ನಿಮಿಷ ಎಡಗಣಕಾಲಿನ ಒಳಬದಿಯಲ್ಲಿ ಏನೋ ಜಗ್ಗಿದ ಹಾಗೆ. ಮೈ ಬಿಸಿಯಾದ ಮೇಲೆ ಮಾಯ. ಓಡಿದರೆ ಹೋಗುವ ನೋವು, ಅಂದರೆ ಓಡಿದರೆ ವಾಸಿಯಾಗುವ ನೋವು ಅಂತ ನಾನು ಅರ್ಥ ಮಾಡಿಕೊಂಡೆ. ಇಂಥ ಅರ್ಥವನ್ನು ನನ್ನ ಮೇಸ್ತ್ರಿ ಯಾವುದಾದರೂ ಗೋಡೆ ಬಿರುಕಿನ ಬಗ್ಗೆ ಹೇಳಿದ್ದರೆ ಅವನನ್ನು ಬೈದಿರುತ್ತಿದ್ದೆ.

ಆಗಸ್ಟ್ ಮೊದಲ ವಾರಕ್ಕೆ ಆ ಐದು ನಿಮಿಷ ಹದಿನೈದಾಯಿತು. ಓಡಿ ಬಂದ ಮೇಲೂ ಉಳಿಯತೊಡಗಿತು. ಬೆಳಗ್ಗೆ ಹಾಸಿಗೆಯಿಂದ ಇಳಿದು ಬಚ್ಚಲಿಗೆ ಹೋಗುವ ಹತ್ತು ಹೆಜ್ಜೆ ಕುಂಟುತ್ತಿದ್ದೆ. ಆಮೇಲೆ ಸೈಟಿನಲ್ಲಿ ಏಣಿ ಇಳಿಯುವಾಗ ಸಿಕ್ಕಿಬಿದ್ದೆ. ಹತ್ತುವಾಗ ಏನೂ ಇಲ್ಲ, ಇಳಿಯುವಾಗ ಪ್ರತಿ ಮೆಟ್ಟಿಲಿಗೂ ಮೂಳೆಯ ಮೇಲೆ ಯಾರೋ ಕರಣೆ ಎಳೆದ ಹಾಗೆ. ಕೆಳಗೆ ನಿಂತಿದ್ದ ಗಾರೆ ಕೆಲಸದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನಮ್ಮೂರಲ್ಲಿ ಕುಂಟುವವನಿಗೆ ವೈದ್ಯರು ಕಮ್ಮಿ ಇಲ್ಲ. ಅಮ್ಮ, "ವಾತ ಕಣೋ, ಹರಳೆಣ್ಣೆ ಬಿಸಿ ಮಾಡಿ ನೀವ್ತೀನಿ ಬಾ" ಅಂದಳು. ಮೇಸ್ತ್ರಿ, "ನರ ಹಿಡ್ಕೊಂಡಿದೆ ಸಾರ್, ನಮ್ಮೂರಲ್ಲಿ ಉಳುಕು ತೆಗೆಯೋರು ಒಬ್ರಿದಾರೆ, ಒದ್ದು ತೆಗೀತಾರೆ" ಅಂದ. ಭಾವ ಶೂ ಸರಿಯಿಲ್ಲ ಅಂದ. ಅದಕ್ಕೆ ಒಂಬತ್ತು ಸಾವಿರದ ಶೂ ಬಂತು. ಬೆಂಗಳೂರಿನ ಸ್ನೇಹಿತನೊಬ್ಬ ಶೂನೇ ತಪ್ಪು, ಮನುಷ್ಯ ಬರಿಗಾಲಲ್ಲಿ ಓಡಬೇಕು ಅಂದ. ಒಂದೇ ವಾರದಲ್ಲಿ ಎರಡೂ ಸಲಹೆ. ಬರಿಗಾಲಿನದು ನಾನು ಮಾಡಲಿಲ್ಲ, ಪುಣ್ಯಕ್ಕೆ. ಅಭ್ಯಾಸವಿಲ್ಲದವನು ಒಮ್ಮೆಲೇ ಬರಿಗಾಲಿಗೆ ಬಂದರೆ ಪಾದದ ಮುಂಭಾಗದ ಮೇಲೆ ಇಳಿಯಲು ಶುರು ಮಾಡುತ್ತಾನೆ, ಭಾರವೆಲ್ಲ ಮೀನಖಂಡಕ್ಕೂ ಹಿಮ್ಮಡಿಯ ಮೇಲಿನ ನರದಂಥ ಅಕಿಲಿಸ್ ಸ್ನಾಯುರಜ್ಜುವಿಗೂ ಹೋಗುತ್ತದೆ. ಒಂದು ನೋವಿನ ಜಾಗಕ್ಕೆ ಇನ್ನೊಂದು, ಅಷ್ಟೇ.

ಹರಳೆಣ್ಣೆ ಮಾತ್ರ ಚೆನ್ನಾಗಿತ್ತು. ವಾಸಿಯಾಗಲಿಲ್ಲ, ಆದರೆ 42ನೇ ವಯಸ್ಸಿನಲ್ಲಿ ಅಮ್ಮ ಕಾಲು ನೀವುವುದು ಅಂದರೆ ಅದು ಬೇರೆಯೇ.

ಒಂದು ಕ್ಲಿನಿಕ್ಕಿಗೂ ಹೋದೆ. ಎಕ್ಸ್‌ರೇ ತೆಗೆದರು. "ಏನೂ ಇಲ್ಲ, ಮೂಳೆ ಚೆನ್ನಾಗಿದೆ" ಅಂತ ಐದು ದಿನಕ್ಕೆ ನೋವಿನ ಮಾತ್ರೆ ಬರೆದುಕೊಟ್ಟರು. ಅವರದ್ದೂ ಪೂರ್ತಿ ತಪ್ಪು ಅನ್ನಲಾರೆ, ಎಕ್ಸ್‌ರೇಯಲ್ಲಿ ನಿಜವಾಗಿಯೂ ಏನೂ ಇರಲಿಲ್ಲ. ಆದರೆ ಎಕ್ಸ್‌ರೇಯಲ್ಲಿ ಕಾಣದಿದ್ದರೆ ಏನೂ ಇಲ್ಲ ಅಂತಲ್ಲ. ಓಡಿ ಓಡಿ ಮೂಳೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟರೂ ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ವಾಸಿಯಾಗಲು ಹೊಸ ಮೂಳೆ ಕೂಡತೊಡಗಿದ ಮೇಲೆ ಕಾಣುತ್ತದೆ. ಅದಕ್ಕೂ ಮೊದಲೇ ನೋಡಬೇಕು ಅಂದರೆ ಎಂಆರ್‌ಐ ಬೇಕು. ಇದನ್ನು ಯಾರೂ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. "ಏನೂ ಇಲ್ಲ" ಅನ್ನುವ ಎರಡು ಪದ ಸಿಕ್ಕಿದ್ದೇ ಸಾಕಾಗಿತ್ತು. ಮಾರನೇ ಬೆಳಗ್ಗೆ ಒಂದು ಮಾತ್ರೆ ನುಂಗಿ 6 ಕಿಲೋಮೀಟರ್ ಓಡಿದೆ.

ಇಡೀ ಕಥೆಯಲ್ಲಿ ನಾನು ಮಾಡಿದ ಅತೀ ದೊಡ್ಡ ದಡ್ಡತನ ಅದು. ಮಾತ್ರೆ ನೋವನ್ನು ಮುಚ್ಚಿತು, ಮೂಳೆಗೆ ಬೀಳುವ ಪೆಟ್ಟನ್ನು ಒಂದು ಗ್ರಾಮೂ ಕಮ್ಮಿ ಮಾಡಲಿಲ್ಲ. ಪ್ಲಾಸ್ಟರ್ ಮೆತ್ತಿ ಬಿರುಕು ಮುಚ್ಚಿ ಮನೆ ಮಾರುವವರನ್ನು ನಾನು ನೋಡಿದ್ದೇನೆ. ನನ್ನ ಕಾಲನ್ನು ನನಗೇ ಹಾಗೆ ಮಾರಿಕೊಂಡಿದ್ದೆ.

ಅದರ ಮುಂದಿನ ಭಾನುವಾರ ಶ್ರವಣಬೆಳಗೊಳ. ಹುಬ್ಬಳ್ಳಿ ಕಡೆಯಿಂದ ನೆಂಟರು ಬಂದಿದ್ದರು, ಕರೆದುಕೊಂಡು ಹೋಗದೆ ವಿಧಿಯಿಲ್ಲ. ವಿಂಧ್ಯಗಿರಿ ಬೆಟ್ಟಕ್ಕೆ ಆರುನೂರಕ್ಕೂ ಜಾಸ್ತಿ ಮೆಟ್ಟಿಲು, ಬಂಡೆಯನ್ನೇ ಕಡಿದು ಮಾಡಿದ್ದು, ಬರಿಗಾಲಲ್ಲೇ ಹತ್ತಬೇಕು. ಹತ್ತಿದೆ. ಮೇಲೆ ಗೊಮ್ಮಟನ ಪಾದದ ಹತ್ತಿರ ಕಂಬಕ್ಕೆ ಒರಗಿ ಕೂತೆ. 58 ಅಡಿಯ ಮೂರ್ತಿ, ಕ್ರಿ.ಶ. 981ರಿಂದ ಅಲ್ಲೇ ನಿಂತಿದೆ. ಎಲ್ಲರೂ ಮುಖ ನೋಡುತ್ತಾರೆ. ನನ್ನ ಕಣ್ಣು ಅವತ್ತು ಕಾಲಿನ ಮೇಲೆಯೇ. ಬಳ್ಳಿ ಮೊಣಕಾಲಿನ ಕೆಳಗಿಂದ ಹಬ್ಬಿಕೊಂಡು ತೊಡೆಗೆ, ತೋಳಿಗೆ ಹೋಗಿದೆ, ಪಕ್ಕದಲ್ಲಿ ಹುತ್ತ. ನಿಂತ ಕಾಲಿಗೆ ಬಳ್ಳಿ ಹಬ್ಬುವಷ್ಟು ಹೊತ್ತು ಸುಮ್ಮನೆ ನಿಂತವನ ಮುಂದೆ, ಎರಡು ದಿನ ಸುಮ್ಮನಿರಲಾಗದ ನಾನು.

ಇಳಿಯುವಾಗ ಮುಗಿಯಿತು. ನೂರು ಮೆಟ್ಟಿಲು ಇಳಿಯುವಷ್ಟರಲ್ಲಿ ಹಿಮ್ಮುಖವಾಗಿ ಇಳಿಯತೊಡಗಿದೆ, ಕಂಬಿ ಹಿಡಿದುಕೊಂಡು, ಚಿಕ್ಕ ಮಕ್ಕಳ ಹಾಗೆ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ನಿಂತು, "ಪಾಪ, ಹುಟ್ಟಿನಿಂದ್ಲೇನಪ್ಪಾ?" ಅಂತ ಕೇಳಿದರು.

ಮರುದಿನ ಫಿಸಿಯೋಥೆರಪಿ ಮಾಡುವ ಒಬ್ಬರ ಹತ್ತಿರ ಹೋದೆ. ಚಿಕ್ಕ ವಯಸ್ಸಿನವರು. ನಾನು ಕೂತ ಕೂಡಲೇ ಎಕ್ಸ್‌ರೇ ಕವರ್ ಮುಂದೆ ಇಟ್ಟೆ. ಅವರು ಅದನ್ನು ಪಕ್ಕಕ್ಕೆ ಸರಿಸಿ, "ನೋವು ಎಲ್ಲಿದೆ ತೋರಿಸಿ" ಅಂದರು. ತೋರಿಸಿದೆ. "ಅಲ್ಲ, ನೀವು ಈಗ ಅಂಗೈಯಲ್ಲಿ ಸವರಿ ತೋರಿಸಿದ್ರಿ. ಒಂದೇ ಬೆರಳಲ್ಲಿ ಇಲ್ಲೇ ಅಂತ ಇಡೋಕೆ ಆಗತ್ತಾ?"

ಆಗಲಿಲ್ಲ. ಇಲ್ಲಿಂದ ಇಲ್ಲಿವರೆಗೆ ಅನ್ನಬಹುದಿತ್ತೇ ಹೊರತು ಇಲ್ಲೇ ಅನ್ನುವ ಚುಕ್ಕಿ ಇರಲಿಲ್ಲ. "ಹಾಗಾದ್ರೆ ಒಳ್ಳೇದು" ಅಂದರು.

ಈ ಒಂದು ಪ್ರಶ್ನೆಯಲ್ಲಿ ಎಷ್ಟಿದೆ ಅಂತ ಆಮೇಲೆ ತಿಳಿಯಿತು. ಕಣಕಾಲಿನ ದಪ್ಪ ಮೂಳೆಯನ್ನು ಟಿಬಿಯಾ ಅನ್ನುತ್ತಾರೆ. ಅದರ ಒಳ ಅಂಚಿನಲ್ಲಿ, ಕೆಳಗಿನ ಭಾಗದಲ್ಲಿ, ಐದು ಸೆಂಟಿಮೀಟರ್‌ಗಿಂತ ಉದ್ದಕ್ಕೆ ಹರಡಿಕೊಂಡು ನೋವಿದ್ದರೆ ಹೆಚ್ಚಿನಂಶ ಅದು ಶಿನ್ ಸ್ಪ್ಲಿಂಟ್ಸ್. ಹೊಸದಾಗಿ ಓಡುವವರ, ಪೊಲೀಸ್ ಮತ್ತು ಮಿಲಿಟರಿ ಟ್ರೈನಿಂಗ್‌ಗೆ ಸೇರಿದವರ ಮಾಮೂಲಿ ಕಾಯಿಲೆ. ಬೆರಳ ತುದಿಯಷ್ಟು ಜಾಗದಲ್ಲಿ ಚುಚ್ಚಿದ ಹಾಗೆ ನೋವು, ಒಂಟಿ ಕಾಲಲ್ಲಿ ಕುಪ್ಪಳಿಸಿದರೆ ಜೀವ ಹೋಗುವಷ್ಟು, ಓಡದೆ ಮಲಗಿದ್ದಾಗಲೂ ರಾತ್ರಿ ಎಬ್ಬಿಸುವ ನೋವು ಅಂದರೆ ಮೂಳೆಯಲ್ಲಿ ಬಿರುಕಿರಬಹುದು, ಅದಕ್ಕೆ ಮನೆಮದ್ದು ಮಾಡಿಕೊಂಡು ಕೂರಬಾರದು. ಓಡುತ್ತಾ ಓಡುತ್ತಾ ಕಾಲು ಒಳಗಿಂದ ಬಿಗಿದುಕೊಂಡು ಒಡೆಯುವ ಹಾಗಾಗಿ, ಪಾದ ಜೋಮು ಹಿಡಿದು, ನಿಂತ ಸ್ವಲ್ಪ ಹೊತ್ತಿಗೆ ಪೂರ್ತಿ ಸರಿಹೋದರೆ ಅದು ಇನ್ನೊಂದು. ಸ್ನಾಯುಗಳನ್ನು ಸುತ್ತಿರುವ ಚೀಲ ಬಿಗಿಯಾಗಿ ಒತ್ತಡ ಏರುವುದು. ಮೀನಖಂಡದಲ್ಲಿ ಇದ್ದಕ್ಕಿದ್ದ ಹಾಗೆ ಯಾರೋ ಕಲ್ಲು ಎಸೆದ ಹಾಗಾದರೆ ಸ್ನಾಯು ಹರಿದಿದೆ.

ಇನ್ನೊಂದಿದೆ, ಅದು ಓಟಕ್ಕೆ ಸಂಬಂಧವೇ ಇಲ್ಲದ್ದು. ನಮ್ಮ ಸೈಟಿಗೆ ಬರುವ ಎಲೆಕ್ಟ್ರಿಷಿಯನ್ ಒಬ್ಬರಿಗೆ ಮುಂಬೈವರೆಗೆ ಬಸ್ಸಿನಲ್ಲಿ ಹೋಗಿ ಬಂದ ಮೇಲೆ ಒಂದೇ ಕಾಲಿನ ಮೀನಖಂಡ ಊದಿಕೊಂಡು ಬಿಸಿಯಾಗಿತ್ತು. ಉಳುಕು ಅಂತ ಎಣ್ಣೆ ಹಚ್ಚಿ ತಿಕ್ಕಿಸಿಕೊಂಡಿದ್ದರು. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಆ ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಒಂದೇ ಕಾಲು ಊದಿ ಬಿಸಿಯಾದರೆ ಅವತ್ತೇ ಆಸ್ಪತ್ರೆಗೆ ಹೋಗಿ, ಜೊತೆಗೆ ಉಸಿರು ಕಟ್ಟಿದರೆ ಆಂಬುಲೆನ್ಸ್ ಕರೆಯಿರಿ. ಇದನ್ನು ಬರೆಯದೆ ಮುಂದಕ್ಕೆ ಹೋಗಲು ನನಗೆ ಮನಸ್ಸಾಗಲಿಲ್ಲ.

ನನ್ನದು ಶಿನ್ ಸ್ಪ್ಲಿಂಟ್ಸ್. ಹೆಸರು ಸಿಕ್ಕಿದ ಮೇಲೆ ಕಾರಣ ಕೇಳಿದೆ. ಅಲ್ಲಿಂದ ಮುಂದಿನದು ನನ್ನ ಕಸುಬಿಗೆ ಬಂದು ತಾಗಿತು.

ಓಟ ಶುರು ಮಾಡಿದವನ ದೇಹದಲ್ಲಿ ಎಲ್ಲವೂ ಒಂದೇ ವೇಗದಲ್ಲಿ ಗಟ್ಟಿಯಾಗುವುದಿಲ್ಲ. ರಕ್ತದ ನೀರಿನಂಶ ಒಂದೆರಡು ವಾರದಲ್ಲೇ ಹೆಚ್ಚುತ್ತದೆ, ಹೃದಯ ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ತಳ್ಳುತ್ತದೆ, ಅದಕ್ಕೇ ಮೂರನೇ ವಾರಕ್ಕೆ ಉಸಿರು ಹಗುರವಾಗುವುದು. ಸ್ನಾಯುಗಳಿಗೆ ಕೆಲವು ವಾರ ಬೇಕು. ಮೂಳೆಗೆ ತಿಂಗಳುಗಳು. ಓಡುವಾಗ ಟಿಬಿಯಾ ಪ್ರತಿ ಹೆಜ್ಜೆಗೂ ಚೂರೇ ಚೂರು ಬಾಗುತ್ತದೆ. ಹೌದು, ಬಾಗುತ್ತದೆ, ಭಾರ ಬಿದ್ದ ತೊಲೆಯ ಹಾಗೆ. ಆ ಬಾಗುವಿಕೆಯೇ ಮೂಳೆಗೆ ಸುದ್ದಿ: ಇಲ್ಲಿ ಭಾರ ಜಾಸ್ತಿಯಾಗಿದೆ, ಗಟ್ಟಿ ಮಾಡು ಅಂತ. ಬಿದ್ದ ಭಾರಕ್ಕೆ ತಕ್ಕ ಹಾಗೆ ಮೂಳೆ ತನ್ನನ್ನು ಬದಲಾಯಿಸಿಕೊಳ್ಳುತ್ತದೆ ಅಂತ ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲೇ ಬರೆದಿದ್ದರು. ಸ್ನಾಯು ಮೂಳೆಯ ಮೇಲಿನ ಪೊರೆಯನ್ನು ಎಳೆದು ಈ ನೋವು ಬರುತ್ತದೋ, ಮೂಳೆ ಬಾಗಿ ಬಾಗಿ ಬರುತ್ತದೋ ಅಂತ ತಿಳಿದವರಲ್ಲೇ ವಾದ ಇದೆ, ಎರಡೂ ಇರಬಹುದು. ಎರಡರಲ್ಲೂ ಅವಸರ ಮಾಡಿದವನು ನಾನೇ.

ನನಗೆ ತಲೆಗೆ ಹೊಡೆದ ಹಾಗಾಗಿದ್ದು ಮುಂದಿನ ಮಾತು. ಮೂಳೆ ಗಟ್ಟಿಯಾಗುವ ಮೊದಲು ಸಡಿಲವಾಗುತ್ತದೆ. ದಣಿದ ಹಳೇ ಮೂಳೆಯನ್ನು ಮೊದಲು ಒಂದು ಜಾತಿಯ ಜೀವಕೋಶ ಕೊರೆದು ತೆಗೆಯುತ್ತದೆ, ಅದಕ್ಕೆ ಎರಡು ಮೂರು ವಾರ. ಆಮೇಲೆ ಇನ್ನೊಂದು ಜಾತಿಯ ಜೀವಕೋಶ ಬಂದು ಆ ಗುಂಡಿ ತುಂಬುತ್ತದೆ. ಅದಕ್ಕೆ ಮೂರು ನಾಲ್ಕು ತಿಂಗಳು. ಅಗೆಯುವುದು ಬೇಗ, ತುಂಬುವುದು ನಿಧಾನ. ಹಾಸನದ ಯಾವ ರಸ್ತೆ ಕೆಲಸ ನೋಡಿದರೂ ಇದು ಅರ್ಥವಾಗುತ್ತದೆ. ನನಗೆ ಉಸಿರು ಹಗುರವಾಗಿ ಹುರುಪು ಬಂದ ಆ ಮೂರು ನಾಲ್ಕನೇ ವಾರ ಇದೆಯಲ್ಲ, ಹೆಚ್ಚೂಕಡಿಮೆ ಅದೇ ಹೊತ್ತಿಗೆ ಮೂಳೆಯಲ್ಲಿ ಗುಂಡಿ ತೋಡಿ ಇಟ್ಟಿರುತ್ತಾರೆ. ಎದೆ ಹೂಂ ಅನ್ನುತ್ತದೆ. ಕಾಲಿನ ಮಾತು ಕೇಳಿಸುವ ಹೊತ್ತಿಗೆ ತಡವಾಗಿರುತ್ತದೆ.

ಸ್ಲ್ಯಾಬ್ ಹಾಕಿದ ಐದನೇ ದಿನಕ್ಕೆ ಮನೆ ಮಾಲೀಕರು ಫೋನ್ ಮಾಡುತ್ತಾರೆ. "ಗಟ್ಟಿಯಾಗಿದೆಯಲ್ವಾ ಇಂಜಿನಿಯರ್ರೇ, ಮೇಲೆ ಓಡಾಡಿದ್ರೂ ಏನೂ ಆಗ್ತಿಲ್ಲ, ಸೆಂಟ್ರಿಂಗ್ ಬಿಚ್ಚಿಬಿಡೋಣ, ದಿನದ ಬಾಡಿಗೆ ಬೀಳ್ತಿದೆ." ಸೆಂಟ್ರಿಂಗ್ ಅಂದರೆ ಕಾಂಕ್ರೀಟು ಗಟ್ಟಿಯಾಗುವವರೆಗೆ ಅದನ್ನು ಕೆಳಗಿಂದ ಹೊತ್ತಿರುವ ಹಲಗೆ, ಊರೆಗಳು. ನಾನು ಅವರಿಗೆ ಪಾಠ ಮಾಡುತ್ತೇನೆ. ಮೇಲ್ಮೈ ಗಟ್ಟಿಯಾಗಿರುತ್ತದೆ, ಕಾಂಕ್ರೀಟಿನ ಬಲ ಅಳೆಯುವುದೇ 28 ದಿನಕ್ಕೆ, ಏಳು ದಿನಕ್ಕೆ ಅದರ ಮೂರನೇ ಎರಡು ಭಾಗ ಬಂದಿರುತ್ತದೆ ಅಷ್ಟೇ, ನಾಲ್ಕೂವರೆ ಮೀಟರ್‌ಗಿಂತ ಅಗಲದ ಸ್ಲ್ಯಾಬ್‌ಗೆ 14 ದಿನ ಆಗದೆ ಊರೆ ಮುಟ್ಟಬಾರದು ಅಂತ ಕಾಂಕ್ರೀಟ್ ಕೆಲಸದ ನಿಯಮದ ಪುಸ್ತಕ ಐಎಸ್ 456ರಲ್ಲೇ ಇದೆ, ಗೋಣಿಚೀಲ ಹಾಸಿ ನೀರು ಬಿಡ್ತಾ ಇರಿ ಅಂತ. ಇಪ್ಪತ್ತು ವರ್ಷದಿಂದ ಹೇಳುತ್ತಿದ್ದೇನೆ. ಒಂದು ಸಲವೂ ಬಾಯಿ ತಪ್ಪಿಲ್ಲ.

ಹೋಲಿಕೆ ಪೂರ್ತಿ ಸರಿಯಿಲ್ಲ, ಗೊತ್ತು. ಕಾಂಕ್ರೀಟು ಗಟ್ಟಿಯಾಗುವ ಮುಂಚೆ ತನ್ನನ್ನು ತಾನು ಕೊರೆದುಕೊಳ್ಳುವುದಿಲ್ಲ. ಮೂಳೆಯದು ಜನ ವಾಸ ಇರುವ ಹಳೇ ಮನೆಯ ಕಂಬ ಒಡೆದು ಕಂಬಿ ಸೇರಿಸಿ ದಪ್ಪ ಮಾಡುವ ಕೆಲಸ, ಇನ್ನೂ ಸೂಕ್ಷ್ಮ. ಅಂಥ ಹೊತ್ತಿನಲ್ಲಿ ಮೇಲ್ಮಹಡಿಯಲ್ಲಿ ನಾನು ಮದುವೆ ಊಟ ಹಾಕಿಸಿದ್ದೆ.

ಎಷ್ಟು ಭಾರ ಹಾಕಿದ್ದೆ ಅಂತ ಒಂದು ರಾತ್ರಿ ಲೆಕ್ಕ ಮಾಡಿದೆ, ಎಸ್ಟಿಮೇಟ್ ಬುಕ್ಕಿನ ಹಿಂದಿನ ಪುಟದಲ್ಲಿ. ಓಡುವಾಗ ನೆಲದಿಂದ ಕಾಲಿಗೆ ವಾಪಸ್ ಬರುವ ಪೆಟ್ಟು ದೇಹದ ತೂಕದ ಎರಡರಿಂದ ಮೂರು ಪಟ್ಟು. ಎರಡೂವರೆ ಅಂತ ಇಟ್ಟುಕೊಂಡರೆ 78 ಕೆಜಿಗೆ 195. ಅಂದರೆ ಹತ್ತಿರ ಹತ್ತಿರ ನಾಲ್ಕು ಮೂಟೆ ಸಿಮೆಂಟು. ನನ್ನ ನಡೆಗೆ ಒಂದು ಕಿಲೋಮೀಟರ್‌ಗೆ 1,200 ಹೆಜ್ಜೆ, ಎಡಗಾಲಿಗೆ 600. ಐದು ಕಿಲೋಮೀಟರ್‌ಗೆ 3,000. ನಾಲ್ಕು ಮೂಟೆ ಸಿಮೆಂಟು, ಮೂರು ಸಾವಿರ ಸಲ, ಒಂದೇ ಮೂಳೆಯ ಮೇಲೆ, ದಿನಾ ಬೆಳಗ್ಗೆ. ಪುಸ್ತಕ ಮುಚ್ಚಿ ಮಲಗಿದೆ.

ಇನ್ನು ಎಡಗಾಲೇ ಯಾಕೆ? ಇದು ನನಗೇ ಹೊಳೆದಿದ್ದು, ಸ್ವಲ್ಪ ಹೆಮ್ಮೆಯಿದೆ. ರಸ್ತೆ ಸಪಾಟಾಗಿರುವುದಿಲ್ಲ. ಮಳೆ ನೀರು ಹರಿಯಲಿ ಅಂತ ನಡುವಿನಿಂದ ಅಂಚಿಗೆ ನೂರಕ್ಕೆ ಎರಡು, ಎರಡೂವರೆಯಷ್ಟು ಇಳಿಜಾರು ಕೊಟ್ಟಿರುತ್ತೇವೆ. ನಾನು ಎದುರು ಬರುವ ಗಾಡಿ ಕಾಣಲಿ ಅಂತ ರಸ್ತೆಯ ಬಲ ಅಂಚಿನಲ್ಲಿ ಓಡುತ್ತಿದ್ದೆ. ಹಾಗಾಗಿ ಎಡಗಾಲು ಯಾವಾಗಲೂ ಎತ್ತರದಲ್ಲಿ, ಪಾದ ಒಳಕ್ಕೆ ವಾಲಿಕೊಂಡು ಬೀಳುತ್ತಿತ್ತು. ಫಿಸಿಯೋ ಹೇಳುವ ಪ್ರಕಾರ ನನ್ನದು ಮೊದಲೇ ಚಪ್ಪಟೆ ಪಾದ. ಬಚ್ಚಲಿನ ಕಲ್ಲಿನ ಮೇಲೆ ಒದ್ದೆ ಕಾಲಿಟ್ಟರೆ ಅಚ್ಚಿನಲ್ಲಿ ನಡುವಿನ ಬಾಗು ಕಾಣುವುದೇ ಇಲ್ಲ, ಇಡೀ ಪಾದ ರೊಟ್ಟಿಯ ಹಾಗೆ ಬೀಳುತ್ತದೆ. ಇದೊಂದೇ ಕಾರಣ ಅಂತಲ್ಲ. ಆದರೆ ಎರಡು ಕಾಲಿಗೂ ಒಂದೇ ಅವಸರ ಮಾಡಿಯೂ ಒಂದೇ ಕಾಲು ಕೈಕೊಟ್ಟಿತು ಅಂದರೆ ಏನೋ ಇರಬೇಕಲ್ವಾ.

ಆಮೇಲೆ ಆರು ವಾರ ಓಟ ಬಂದ್. ಸುಮ್ನೆ ಕೂತಿರಲಿಲ್ಲ. ನೋವಾಗದಷ್ಟು ನಡಿಗೆ, ಮಗಳ ಹಳೇ ಸೈಕಲ್ಲು, ಮೊದಲ ಕೆಲವು ದಿನ ಬಟ್ಟೆಯಲ್ಲಿ ಸುತ್ತಿದ ಐಸು. ಮುಖ್ಯವಾಗಿ ಹಿಮ್ಮಡಿ ಎತ್ತಿ ಇಳಿಸುವುದು. ಮೆಟ್ಟಿಲ ಅಂಚಿನಲ್ಲಿ ಪಾದದ ಮುಂಭಾಗ ಇಟ್ಟು, ನಿಧಾನಕ್ಕೆ ಮೇಲೆ, ಇನ್ನೂ ನಿಧಾನಕ್ಕೆ ಕೆಳಗೆ. ಒಮ್ಮೆ ಮೊಣಕಾಲು ನೆಟ್ಟಗಿಟ್ಟು, ಒಮ್ಮೆ ಬಗ್ಗಿಸಿ. ಬಗ್ಗಿಸಿದಾಗ ಮೀನಖಂಡದ ಒಳಪದರದ ಸೋಲಿಯಸ್ ಅನ್ನುವ ಸ್ನಾಯುವಿಗೆ ಜಾಸ್ತಿ ಕೆಲಸ ಬೀಳುತ್ತದೆ. ಓಡುವಾಗ ಕಣಕಾಲಿನ ಬಹಳಷ್ಟು ಭಾರ ಹೊರುವವನು ಅವನೇ, ಹೊರಗಿಂದ ಕಾಣುವುದಿಲ್ಲ ಅಂತ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಶುರುವಿನಲ್ಲಿ ಎಡಗಾಲಲ್ಲಿ ಎಂಟು ಸಲ ಎತ್ತಿದರೆ ನಡುಗುತ್ತಿತ್ತು. ಈಗ ಇಪ್ಪತ್ತೈದು. ಸ್ನಾಯು ಬಲವಾದಷ್ಟೂ ಮೂಳೆಯ ಪಾಲಿನ ಪೆಟ್ಟನ್ನು ಅದು ಹಂಚಿಕೊಳ್ಳುತ್ತದೆ ಅಂದರು. ಕಾಲು ಎಳೆದು ಹಿಗ್ಗಿಸುವುದರ ಬಗ್ಗೆ ಕೇಳಿದೆ. ಹಿತವಾದರೆ ಮಾಡಿ, ಅದರಿಂದ ನೋವು ಬರುವುದು ತಪ್ಪುತ್ತದೆ ಅಂತೇನೂ ಸಾಬೀತಾಗಿಲ್ಲ ಅಂದರು. ಇಷ್ಟು ನೇರವಾಗಿ ಮಾತಾಡುವವರು ಸಿಗುವುದು ಕಷ್ಟ.

ಊಟದ ಬಗ್ಗೆ ಅಮ್ಮನಿಗೆ ಬಹಳ ಸಿಟ್ಟು ಬಂತು. ಮೂಳೆಗೆ ಕ್ಯಾಲ್ಸಿಯಂ ಬೇಕು ಅಂದಿದ್ದಕ್ಕೆ, "ಹುಟ್ಟಿದಾಗಿಂದ ರಾಗಿಮುದ್ದೆ ತಿನ್ನಿಸಿದ್ದೀನಿ, ನಿನ್ನ ಮೂಳೆಗೆ ಏನು ಕಮ್ಮಿ" ಅಂತ. ಅವಳು ಹೇಳಿದ್ದರಲ್ಲಿ ಸತ್ಯ ಇದೆ, 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ ಇದೆ, ಅಕ್ಕಿ ಗೋಧಿ ಹತ್ತಿರಕ್ಕೂ ಬರುವುದಿಲ್ಲ. ಆದರೆ ಮನೆಯಲ್ಲಿ ಮುದ್ದೆ ಮಾಡಿದ ದಿನ ನಾನು ಸೈಟ್ ಪಕ್ಕದ ಹೋಟೆಲಲ್ಲಿ ಪರೋಟ ತಿಂದಿರುತ್ತಿದ್ದೆ. ಅದು ಅವಳಿಗೆ ಗೊತ್ತಿಲ್ಲ. ಈಗ ಇದನ್ನು ಓದಿದರೆ ಗೊತ್ತಾಗುತ್ತದೆ.

ಕಷ್ಟ ಆಗಿದ್ದು ವ್ಯಾಯಾಮ ಅಲ್ಲ, ಬೆಳಗ್ಗೆ ಮೆಟ್ಟಿಲ ಮೇಲೆ ಮತ್ತೆ ಕೂರುವುದು. ಅದೇ ಫ್ಲಾಸ್ಕು, ಅದೇ ಸ್ವೆಟರು. ಮಂಕಿ ಟೋಪಿ ಮೇಷ್ಟ್ರು ನಡೆಯುತ್ತಲೇ ಇದ್ದರು, ಒಂದು ದಿನವೂ ಜೋರು ಮಾಡದೆ, ಒಂದು ದಿನವೂ ತಪ್ಪದೆ. ಅವರ ಮೇಲೆ ನನಗೆ ಸುಮ್ಮಸುಮ್ಮನೆ ಸಿಟ್ಟು. ಮಗಳು ತಾಲ್ಲೂಕು ಮಟ್ಟದಲ್ಲಿ ನಾಲ್ಕನೆಯವಳಾಗಿ ಬಂದಳು, ಎರಡು ದಿನ ಮಾತಾಡಲಿಲ್ಲ, ಮೂರನೇ ದಿನ ಐದೂಮುಕ್ಕಾಲಿಗೆ ಅವಳೇ ನನ್ನನ್ನು ಎಬ್ಬಿಸಿದಳು.

ಅಕ್ಟೋಬರ್‌ನಲ್ಲಿ ಹಾಸನಾಂಬೆ ಬಾಗಿಲು ತೆರೆಯಿತು. ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ತೆರೆಯುವ ಬಾಗಿಲು, ಊರಿಗೆ ಊರೇ ಸಾಲು. ರಸ್ತೆಗಳಲ್ಲಿ ಓಡಲು ಜಾಗವಿಲ್ಲ, ನನಗೆ ಅದೇ ಅನುಕೂಲವಾಯಿತು. ಕ್ರೀಡಾಂಗಣದಲ್ಲೇ ಮತ್ತೆ ಶುರು ಮಾಡಿದೆ. ಮೊದಲ ವಾರ, ಮೊದಲ ದಿನ, 60 ಸೆಕೆಂಡ್ ಓಟ. ಆ್ಯಪ್‌ನ ಅದೇ ಹೆಂಗಸು. ಈ ಸಲ ಅವಳು ನಡೆಯಿರಿ ಅಂದರೆ ನಡೆದೆ.

ಫಿಸಿಯೋ ಕೊಟ್ಟ ನಿಯಮ ಸರಳ. ನೋವಿಗೆ ಹತ್ತಕ್ಕೆ ಅಂಕ ಹಾಕಿಕೊಳ್ಳಿ. ಓಡುವಾಗ ಎರಡರವರೆಗೆ ಇದ್ದರೆ ಪರವಾಗಿಲ್ಲ. ಮಾರನೇ ಬೆಳಗ್ಗೆ ಹಾಸಿಗೆಯಿಂದ ಇಳಿದಾಗ ಹಿಂದಿನ ದಿನಕ್ಕಿಂತ ಜಾಸ್ತಿ ಇದ್ದರೆ ನೀವು ಮಾಡಿದ್ದು ಜಾಸ್ತಿಯಾಯಿತು, ಒಂದು ಮೆಟ್ಟಿಲು ಹಿಂದಕ್ಕೆ. ಎರಡು ಓಟದ ನಡುವೆ ಒಂದು ದಿನ ಖಾಲಿ. ಜೊತೆಗೆ ಹೆಜ್ಜೆ ಚಿಕ್ಕದು ಮಾಡಲು ಹೇಳಿದರು. ನಾನು ಕಾಲು ಮುಂದಕ್ಕೆ ಚಾಚಿ ಹಿಮ್ಮಡಿ ಕುಟ್ಟಿ ಓಡುತ್ತಿದ್ದೆ, ಗುದ್ದಲಿ ಹಾಕಿದ ಹಾಗೆ. ನಿಮಿಷಕ್ಕೆ 156 ಇದ್ದ ಹೆಜ್ಜೆಯನ್ನು 165ಕ್ಕೆ ತಂದೆ. ಸದ್ದು ಕಮ್ಮಿಯಾಯಿತು. ನಾನು ಹಿಂದಿನಿಂದ ಬಂದಾಗ ಮಗಳು, "ಮೊದ್ಲು ಅಪ್ಪ ಬರ್ತಿದ್ದಾರೆ ಅಂತ ತಿರುಗದೇನೇ ಗೊತ್ತಾಗ್ತಿತ್ತು, ಈಗ ಗೊತ್ತಾಗಲ್ಲ" ಅಂದಳು.

ಒಂಬತ್ತು ಸಾವಿರದ ಶೂ ಬಗ್ಗೆ ಕೇಳುವವರಿಗೆ: ಚೆನ್ನಾಗಿದೆ. ಕಾಲಿಗೆ ಹಿತವಾಗಿ ಹೊಂದುವ ಯಾವ ಶೂ ಆದರೂ ಆಗುತ್ತಿತ್ತು. ಭಾವನಿಗೆ ಇದನ್ನು ಹೇಳಿಲ್ಲ.

ಈಗ ಜನವರಿ. ಕೌಚ್ ಟು ಫೈವ್ ಕೆ ಮುಗಿಯಲು ಬೇರೆಯವರಿಗೆ ಒಂಬತ್ತು ವಾರ, ನನಗೆ ಹದಿಮೂರು ಆಗಿದೆ, ಇನ್ನೂ ಎಂಟನೇ ವಾರದಲ್ಲಿದ್ದೇನೆ. ಎರಡು ಸಲ ಹಿಂದಕ್ಕೆ ಹೋಗಬೇಕಾಯಿತು. ಒಂದು ಸಲ ನಿಜವಾಗಿ ನೋವು ಬಂದು, ಇನ್ನೊಂದು ಸಲ ಸುಮ್ನೆ ಹೆದರಿ. ಸ್ಟೇಟಸ್‌ಗೆ ಏನೂ ಹಾಕಿಲ್ಲ. ಮೇಷ್ಟ್ರನ್ನು ದಾಟುವಾಗ ನಮಸ್ಕಾರ ಅನ್ನುತ್ತೇನೆ, ಅವರು ಟೋಪಿ ಸ್ವಲ್ಪ ಎತ್ತುತ್ತಾರೆ.

ಸ್ನಾನಕ್ಕೆ ಕೂತಾಗ ಬಿಸಿನೀರು ಸುರಿದುಕೊಳ್ಳುವ ಮುಂಚೆ ಹೆಬ್ಬೆರಳು ತಾನಾಗೇ ಕಣಕಾಲಿಗೆ ಹೋಗುತ್ತದೆ. ಮೇಲಿಂದ ಕೆಳಗೆ, ಒತ್ತುತ್ತಾ. ಪೆನ್ಸಿಲ್ ಗೀಟು ಈಗ ವಾರಕ್ಕೊಮ್ಮೆ ಮಾತ್ರ, ಭಾನುವಾರ. ನಿನ್ನೆ ನಾನು ಅಳೆದಾಗ ಮೂರು ಸೆಂಟಿಮೀಟರ್ ಇತ್ತು. ಮಗಳು ಟೇಪ್ ಕಿತ್ತುಕೊಂಡು ಅವಳೇ ಒತ್ತಿ, ಅವಳೇ ಗೀಟು ಹಾಕಿ ಅಳೆದಳು. ಎರಡೂವರೆಯಂತೆ.